ಗೋಡೆಯ ಆಚೆ ಏನಿದೆ?

ಹೊಸ ಊರಿಗೆ ಹೋಗಿ ಬಾಡಿಗೆ ಮನೆ ಹುಡುಕಿದವರಿಗೇ ಗೊತ್ತು ಅದರ ಪಾಡು. ಪಂಪು ರಿಪೇರಿ ಮಾಡುವ ನಮ್ಮ ಮೆಕ್ಯಾನಿಕ್‌ಗೆ ಬಂದ ದಿನವೇ ಕೆಲಸ ಸಿಕ್ಕಿತು. ಸುತ್ತ ಹೊಲ, ನಡುವೆ ಪೇಟೆ. ಅಂಥ ಕಡೆ ಕೆಟ್ಟ ಪಂಪುಗಳಿಗೇನು ಕಡಿಮೆ? ಮನೆ ಮಾತ್ರ ಸಿಗಲಿಲ್ಲ. ಹದಿನೆಂಟು ದಿನ ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ರಿಪೇರಿ ಅಂಗಡಿಯ ಹಿಂದೆ ಸುಟ್ಟ ಮೋಟರುಗಳ ನಡುವೆ ಮಲಗಿಸಿದ. ಕೊನೆಗೆ ಕಾಳಿನ ವ್ಯಾಪಾರದ ಸಾಹುಕಾರ ತನ್ನದೊಂದು ಮನೆ ತೋರಿಸಿದ. ಎರಡು ಕೋಣೆ, ಅಡುಗೆಮನೆ, ಮೇಲೊಂದು ಅಟ್ಟ, ಮುಂದೆ ಜಗಲಿ. ಪಕ್ಕದಲ್ಲೇ ಅದೇ ಗೋಡೆಗೆ ಅಂಟಿಕೊಂಡು ಬೀಗ ಹಾಕಿದ ಇನ್ನೊಂದು ಕೋಣೆ.

ಮೆಕ್ಯಾನಿಕ್ ಎಂಥವನೆಂದರೆ, ನಟ್ಟು ಬಿಚ್ಚಿ ನೋಡದೆ ಏನನ್ನೂ ನಂಬುವವನಲ್ಲ. ನಲ್ಲಿ ತಿರುಗಿಸಿ ನೋಡಿದ, ಸ್ವಿಚ್ಚು ಒತ್ತಿ ನೋಡಿದ, ಚಿಲಕ ಅಲ್ಲಾಡಿಸಿ ನೋಡಿದ. ಆಮೇಲೆ ಸಾಹುಕಾರನ ಕಡೆ ತಿರುಗಿದ.

"ನಿಮ್ಮ ಹತ್ರ ಈ ಮನೆಯ ಇನ್ನೊಂದು ಬೀಗದ ಕೈ ಇದೆಯಾ?"

"ಇಲ್ಲಪ್ಪಾ."

"ಇಲ್ಲ ಅಂದ್ರೆ ಇದೆ ಅಂತ ಅರ್ಥ. ನಾನು ಬೇರೆ ಬೀಗ ಹಾಕ್ಕೋತೀನಿ."

"ರೀ, ನಾವು ಮನೆ ನೋಡೋಕೆ ಬಂದಿದ್ದೀವೋ, ಕಳ್ಳನ್ನ ಹಿಡಿಯೋಕೆ ಬಂದಿದ್ದೀವೋ?" ಎಂದು ಹೆಂಡತಿ ಗದರಿದಳು. ಆಮೇಲೆ ಸಾಹುಕಾರನನ್ನು ಕೇಳಿದಳು: "ಪಕ್ಕದ ಕೋಣೇಲಿ ಏನಿದೆ ಯಜಮಾನ್ರೇ?"

"ನಮ್ಮದೇ ಒಂದಿಷ್ಟು ಸಾಮಾನು ಕಣಮ್ಮ."

ಮಾತು ಅಲ್ಲಿಗೇ ನಿಂತಿತು. ಮೆಕ್ಯಾನಿಕ್‌ನ ತಲೆ ತುಂಬ ಬೀಗದ ಕೈಯೇ ಇತ್ತು.

ಮೂರು ತಿಂಗಳು ಚೆನ್ನಾಗಿ ಕಳೆಯಿತು. ಒಂದು ಬೆಳಿಗ್ಗೆ ಸಾಹುಕಾರ ಬಂದು ಜಗಲಿಯ ಮುಂದೆ ನಿಂತ.

"ಒಂದು ವಾರ ನಿಮ್ಮ ಕಡೆಯವರ ಮನೆಗೆ ಹೋಗಿ ಬನ್ನಿ."

"ಯಾಕೆ?"

"ಸ್ವಲ್ಪ ಕೆಲಸ ಇದೆ. ವಾಸನೆ ಗೀಸನೆ ಬರಬಹುದು."

"ಏನು ಕೆಲಸ?"

"ಅದೆಲ್ಲ ನಿನಗ್ಯಾಕಪ್ಪಾ? ಹೋಗು ಅಂದ್ರೆ ಹೋಗು."

ಸಾಹುಕಾರ ಹೋದ ಮೇಲೆ ಮೆಕ್ಯಾನಿಕ್ ಹೆಂಡತಿಗೆ ಹೇಳಿದ: "ನೋಡಿದೆಯಾ? ಹೆಚ್ಚಿನ ಬಾಡಿಗೆಗೆ ಯಾರೋ ಸಿಕ್ಕಿದ್ದಾರೆ. ನಾವು ಹೊರಗೆ ಕಾಲಿಟ್ಟರೆ ಅವರು ಒಳಗೆ ಕಾಲಿಡ್ತಾರೆ. ನೀನು ಹೊಸ್ತಿಲು ದಾಟಬೇಡ. ಕಿಟಕೀನೂ ಮುಚ್ಚು, ಇಣುಕಿ ನೋಡ್ತಾರೆ."

ಮಾರನೆಯ ದಿನ ಸಾಹುಕಾರನ ಆಳು ಬಂದು, ಪಕ್ಕದ ಕೋಣೆಯ ಬಾಗಿಲಿನ ಸಂದಿಗೆಲ್ಲ ಗೋಂದು ಹಚ್ಚಿ ಕಾಗದ ಮೆತ್ತಿದ. ಒಳಗೆ ಇವರು ಇರುವುದು ಅವನಿಗೆ ತಿಳಿಯಲೇ ಇಲ್ಲ. ಬಾಗಿಲು, ಕಿಟಕಿ ಎಲ್ಲ ಮುಚ್ಚಿತ್ತಲ್ಲ! ಮೆಕ್ಯಾನಿಕ್ ಸಂಜೆ ಬಂದು ಆ ಕಾಗದ ನೋಡಿದ. "ಇವತ್ತು ಅದಕ್ಕೆ ಅಂಟಿಸಿದ್ದಾರೆ, ನಾಳೆ ನಮ್ಮ ಬಾಗಿಲಿಗೂ ಅಂಟಿಸ್ತಾರೆ" ಎಂದುಕೊಂಡ. ಎರಡು ರಾತ್ರಿ ಜಗಲಿಯಲ್ಲೇ ಚಾಪೆ ಹಾಸಿಕೊಂಡು ಬಾಗಿಲು ಕಾದ.

ಮೂರನೆಯ ಬೆಳಿಗ್ಗೆ ಮಗಳು ವಾಂತಿ ಮಾಡಿದಳು. ಒಂದು ಸಲವಲ್ಲ, ನಾಲ್ಕು ಸಲ.

"ಎದುರುಮನೆ ಅಜ್ಜಿ ಬಿಸ್ಕತ್ತು ಕೊಟ್ಟಿದ್ದಳಲ್ಲ, ಅದರಲ್ಲೇ ಏನೋ ಇತ್ತು" ಎಂದ ಮೆಕ್ಯಾನಿಕ್.

"ನಾನು ಬಿಸ್ಕತ್ತು ಮುಟ್ಟೇ ಇಲ್ಲ. ಮತ್ತೆ ನನಗ್ಯಾಕೆ ತಲೆ ಸಿಡೀತಿದೆ?" ಎಂದಳು ಹೆಂಡತಿ. ಗೋಡೆ ಹಿಡಿದುಕೊಂಡು ನಿಂತಿದ್ದಳು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಒಂದು ಗೇಣು ತೆರೆದು ನೋಡಿದ. ಹೆಗಲಿಗೆ ಚೀಲ ಹಾಕಿಕೊಂಡ ನರ್ಸಕ್ಕ.

"ಹೊಸದಾಗಿ ಬಂದವರ ಮನೆ ಅಂದ್ರು. ಮಗುವಿನ ಲಸಿಕೆ ಕಾರ್ಡು ನೋಡಬೇಕಿತ್ತಣ್ಣ."

"ಯಾರು ಕಳಿಸಿದ್ದು? ಸಾಹುಕಾರನಾ? ಒಳಗೆ ಎಷ್ಟು ಜನ ಇದ್ದೀವಿ ಅಂತ ಎಣಿಸ್ಕೊಂಡು ಹೋಗೋಕಾ?"

ನರ್ಸಕ್ಕ ಜಗಳಕ್ಕೆ ಬರಲಿಲ್ಲ. ಮೂಗು ಅರಳಿಸಿದಳು. "ಬೆಳ್ಳುಳ್ಳಿ ಜಜ್ಜಿದ್ದೀರಾ?"

"ಒಲೇನೇ ಹಚ್ಚಿಲ್ಲಕ್ಕ" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. "ಮಗಳು ವಾಂತಿ ಮಾಡ್ತಾನೇ ಇದ್ದಾಳೆ."

ನರ್ಸಕ್ಕನ ಕಣ್ಣು ಪಕ್ಕದ ಬಾಗಿಲಿಗೆ ಮೆತ್ತಿದ ಕಾಗದದ ಮೇಲೆ ಬಿತ್ತು.

"ಅದರೊಳಗೆ ಏನಿದೆ?"

"ಸಾಹುಕಾರನ ಸಾಮಾನು."

"ಏನು ಸಾಮಾನು?"

ನಲ್ಲಿಯ ವಾಷರನ್ನೂ ಬಿಡದೆ ನೋಡಿದ್ದವನು ಆ ಕೋಣೆಯನ್ನು ನೋಡಿರಲಿಲ್ಲ.

ನರ್ಸಕ್ಕ ಅವನನ್ನು ತಳ್ಳಿ ಬಾಗಿಲನ್ನು ಪೂರ್ತಿ ತೆರೆದಳು. "ಮಗೂನ ಎತ್ಕೊಂಡು ಹೊರಗೆ ಬನ್ನಿ! ಈಗಲೇ! ಕಾಳಿನ ಸಾಹುಕಾರ, ಸಂದಿಗೆಲ್ಲ ಕಾಗದ, ಈ ವಾಸನೆ! ಕಾಳಿಗೆ ಹುಳ ಬೀಳದ ಹಾಗೆ ಗುಳಿಗೆ ಇಟ್ಟಿದ್ದಾರೆ. ಅದರ ಗಾಳಿ ವಿಷ!"

"ತಡಿ, ಬೀಗ ಹಾಕಿ..."

"ಮನೆ ಕಾಯ್ತೀಯೋ, ಮಗೂನ ಕಾಯ್ತೀಯೋ?"

ಹೆಂಡತಿ ಮಗಳನ್ನು ಹೊತ್ತು ತೂರಾಡುತ್ತ ಹೊರಗೆ ಬಂದಳು. ಮಗುವಿನ ತಲೆ ಹೆಗಲ ಮೇಲಿಂದ ಜೋತು ಬಿದ್ದಿತ್ತು. ಮೆಕ್ಯಾನಿಕ್ ಒಮ್ಮೆ ಬೀಗ ನೋಡಿದ, ಒಮ್ಮೆ ಮಗಳನ್ನು ನೋಡಿದ. ಬೀಗ ಕೈಯಿಂದ ಜಾರಿ ಬಿತ್ತು. ಅದನ್ನು ದಾಟಿಕೊಂಡು ಮಗಳನ್ನು ಎತ್ತಿಕೊಂಡ.

ತರಕಾರಿ ಹೊತ್ತು ಬರುತ್ತಿದ್ದ ಗೂಡ್ಸ್ ಆಟೋವನ್ನು ನರ್ಸಕ್ಕ ಅಡ್ಡ ನಿಂತು ತಡೆದಳು. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರಿಗೆ ಕೂಗಿ ಹೇಳಿದಳು: "ಗುಳಿಗೆ ಗಾಳಿ ಸರ್! ಹೊಟ್ಟೆನೋವು ಅಂದ್ಕೋಬೇಡಿ."

ಮಗಳಿಗೆ ಆಮ್ಲಜನಕ ಹಾಕಿದರು. "ಈ ವಿಷಕ್ಕೆ ಇಂಥದೇ ಅಂತ ಪ್ರತಿಮದ್ದು ಇಲ್ಲ" ಎಂದರು ಡಾಕ್ಟರು. "ಬೇಗ ಕರ್ಕೊಂಡು ಬಂದಿರಿ, ಏನು ಅಂತ ಸರಿಯಾಗಿ ಹೇಳಿದಿರಿ. ಇನ್ನು ಒಂದು ಗಂಟೆ ತಡವಾಗಿದ್ರೆ ನಾನು ಏನೂ ಹೇಳೋಕೆ ಆಗ್ತಿರಲಿಲ್ಲ."

ಸಾಹುಕಾರ ಓಡಿ ಬಂದ. ಮೆಕ್ಯಾನಿಕ್ ಅವನ ಕೊರಳಪಟ್ಟಿಗೆ ಕೈ ಹಾಕಿದ. "ಗುಳಿಗೆ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಆ ಮನೆಗೆ ಯಾರಪ್ಪಾ ಬರ್ತಾರೆ?" ಎಂದ ಸಾಹುಕಾರ. "ಊರಿಗೆ ಹೋಗಿದ್ದೀರಿ ಅಂತಲೇ ಅಂದ್ಕೊಂಡೆ."

"ಬಾಗಿಲು ತಟ್ಟಿ ನೋಡಿದ್ರೆ ಕೈ ಸವೀತಿತ್ತಾ?" ಎಂದು ನರ್ಸಕ್ಕ ಗುಡುಗಿದಳು. "ಜನ ಮಲಗೋ ಗೋಡೆಗೆ ಅಂಟಿದ ಕೋಣೇಲಿ ಗುಳಿಗೆ ಇಡಲೇಬಾರದು. ವಾರ ಹೊರಗೆ ಕಳಿಸಿದ್ರೂ ಸಾಲದು, ಇಡಲೇಬಾರದು! ಅಣ್ಣ, ನೀನೂ ಕೇಳು. ಊರಿನವರ ಮೇಲೆಲ್ಲ ಅನುಮಾನ ಪಟ್ಟೆ. ಆ ಗೋಡೆ ಮೇಲೆ ಪಟ್ಟಿದ್ರೆ?"

"ಕೇಳಿದವಳು ನಾನೊಬ್ಬಳೇ" ಎಂದಳು ಪಕ್ಕದ ಮಂಚದಿಂದ ಹೆಂಡತಿ.

ಆಮೇಲೆ ಕೃಷಿ ಇಲಾಖೆಯವರು ವಿಷಗಾಳಿ ತಡೆಯುವ ಮುಖವಾಡ ಹಾಕಿಕೊಂಡು ಬಂದು ಆ ಕೋಣೆ ತೆರೆಸಿದರು. ಸೂರಿನವರೆಗೆ ಮೆಕ್ಕೆಜೋಳದ ಮೂಟೆ. ಬಾಗಿಲಿಗೇನೋ ಕಾಗದ ಮೆತ್ತಿದ್ದರು. ಮನೆಯ ಅಟ್ಟದ ಹಿಂದೆ, ನಡುವಿನ ಗೋಡೆ ಸೂರಿಗೆ ಮುಟ್ಟದ ಕಡೆ, ಕೈ ತೂರುವಷ್ಟು ಸಂದಿ ಹಾಗೇ ಇತ್ತು.

ಮಗಳು ಐದನೆಯ ದಿನ ಎದ್ದು ಕೂತು ಬಿಸ್ಕತ್ತು ಕೇಳಿದಳು. ಎದುರುಮನೆ ಅಜ್ಜಿಯೇ ತಂದುಕೊಟ್ಟಳು. ಮೆಕ್ಯಾನಿಕ್ ತಾನಾಗಿಯೇ ನರ್ಸಕ್ಕನ ಕೈಗೆ ಲಸಿಕೆ ಕಾರ್ಡು ಇಟ್ಟ.

ಬೇರೆ ಮನೆ ನೋಡಲು ಹೋದಾಗ ಅವನು ನಲ್ಲಿ ಮುಟ್ಟಲಿಲ್ಲ. ನೇರವಾಗಿ ಹಿಂದಿನ ಗೋಡೆ ಬಡಿದ.

"ಇದರ ಆಚೆ ಏನಿದೆ?"

"ನಮ್ಮತ್ತೆ ಮಲಗಿದ್ದಾರಪ್ಪಾ" ಎಂದಳು ಮನೆಯೊಡತಿ.

"ತೋರಿಸಿ."

"ಯಾವನೋ ಅವನು ಗೋಡೆ ಒಡೆಯೋನು?" ಎಂದು ಆಚೆಯಿಂದ ಅತ್ತೆ ಕೂಗಿದರು. ಮೆಕ್ಯಾನಿಕ್ ಹೆಂಡತಿಯ ಕಡೆ ನೋಡಿದ. "ಇದೇ ಮನೆ ತಗೊಳ್ಳೋಣ" ಎಂದಳು ಅವಳು.

ಅಕ್ಕಂದಿರೇ, ಅಣ್ಣಂದಿರೇ, ಬಾಡಿಗೆಗೆ ಮನೆ ನೋಡುವಾಗ ಗೋಡೆಯ ಆಚೆ ಏನಿದೆ ಎಂದು ಕೇಳಿ. "ಸಾಮಾನು" ಎಂದರೆ ಸುಮ್ಮನಾಗಬೇಡಿ, ಬೀಗ ತೆಗೆಸಿ ನೋಡಿ. ಕಾಳಿನ ಮೂಟೆಗಳಿದ್ದರೆ ಗುಳಿಗೆ ಇಡುತ್ತಾರಾ ಎಂದು ಕೇಳಿ. ಇಡುತ್ತಾರೆ ಎಂದರೆ ಆ ಮನೆ ಬೇಡ, ಪುಕ್ಕಟೆ ಕೊಟ್ಟರೂ ಬೇಡ. ಬೆಳ್ಳುಳ್ಳಿಯಂಥ, ಕೊಳೆತ ಮೀನಿನಂಥ ವಾಸನೆ ಬಂದರೆ, ಇಲ್ಲವೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ತಲೆನೋವು, ವಾಂತಿ, ಉಸಿರುಕಟ್ಟು ಶುರುವಾದರೆ, ಎಲ್ಲರೂ ಹೊರಗೆ ಓಡಿ. ವಾಸನೆ ಬರದೆಯೂ ಈ ಗಾಳಿ ಕೊಲ್ಲಬಹುದು, ಮೂಗನ್ನೇ ನಂಬಿ ಕೂರಬೇಡಿ. ಆಸ್ಪತ್ರೆಯಲ್ಲಿ ಗುಳಿಗೆಯ ವಿಷಯ ಮೊದಲು ಹೇಳಿ. ತಿಳಿದವರು ಬಂದು ನೋಡಿ ಹೇಳುವವರೆಗೆ ಆ ಮನೆಯೊಳಗೆ ಕಾಲಿಡಬೇಡಿ.

ಮನೆ ಬಾಡಿಗೆಗೆ ಕೊಡುವವರೇ, ನಿಮಗೂ ಒಂದು ಮಾತು. ಮೂಟೆಯಲ್ಲಿ ಹುಳ ಬಿದ್ದರೆ ಒಂದು ಬೆಳೆ ಹೋದೀತು. ಮಗು ಹೋದರೆ ಯಾರಿಗೆ ಏನು ಹೇಳುತ್ತೀರಿ?