ಹಿತ್ತಲ ಕಡೆಯ ಆಳ

ಹೊಳೆ ಅಂದರೆ ಅಂಥ ದೊಡ್ಡದೇನಲ್ಲ. ಈಚೆ ಗುಡ್ಡದಲ್ಲಿ ಹುಟ್ಟಿ, ಇಟ್ಟಿಗೆ ಭಟ್ಟಿಗಳ ಬೆನ್ನಿಗೇ ಹಾದು, ಸ್ವಲ್ಪ ದೂರ ಎರಡು ದೇಶಗಳ ಗಡಿಯಾಗಿ ಹರಿದು, ಆಮೇಲೆ ಯಾರಪ್ಪನನ್ನೂ ಕೇಳದೆ ಆಚೆ ದೇಶಕ್ಕೆ ನುಗ್ಗಿಬಿಡುತ್ತದೆ. ಬೇಸಿಗೆಯಲ್ಲಿ ಮೊಣಕಾಲು ಮುಳುಗಿದರೆ ಹೆಚ್ಚು. ಇಷ್ಟಕ್ಕೇ ಎರಡು ಸರ್ಕಾರ, ಎರಡು ಕಾವಲು ಚೌಕಿ. ಒಪ್ಪಂದದ ಪ್ರಕಾರ ಬೇಸಿಗೆಯಲ್ಲಿ ನೀರು ಎಲ್ಲಿ ಹೆಚ್ಚು ಆಳವೋ ಅಲ್ಲೇ ಗಡಿ. ಹೊಳೆ ಜರುಗಿದರೆ ಗಡಿಯೂ ಜರುಗಬೇಕು.

ಆ ವರ್ಷದ ನೆರೆಗೆ ಹೊಳೆ ಜರುಗಿತು. ಗಡಿ ಅಳೆಯುವ ಈಚೆಯ ಸರ್ವೇಯರನ ಗ್ರಹಚಾರ ನೋಡಿ, ಜರುಗಿದ್ದು ಅವನ ಅತ್ತೆಯ ಮನೆಯ ಹತ್ತಿರವೇ. ಮನೆಯ ಮುಂದಿದ್ದ ಹೊಳೆ ಹಿತ್ತಲ ಕಡೆಗೂ ಒಂದು ಕವಲು ಒಡೆದಿತ್ತು. ಹಿತ್ತಲಲ್ಲೇ ಆಳ ಹೆಚ್ಚಿದ್ದರೆ ಮನೆ, ಹೊಲಿಗೆ ಯಂತ್ರ, ಅತ್ತೆ, ಎಲ್ಲವೂ ಆಚೆ ದೇಶದ ಪಾಲು. ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳನ್ನು ಆಚೆ ದಡಕ್ಕೆ ಕೊಟ್ಟಿದ್ದರು. ಅವಳ ಮುಖ ನೋಡಲು ಪರವಾನಗಿ ಬೇಕು. ಕಿರಿಯವಳೇ ಸರ್ವೇಯರನ ಹೆಂಡತಿ. ದಿನಾ ಸಂಜೆ ತಾಯಿಯ ಮನೆಗೆ ಬಂದು, ತಾಯಿ ಹೊಲಿದ ಬಟ್ಟೆಗಳಿಗೆ ಗುಂಡಿ ಹಚ್ಚಿಕೊಡುತ್ತಿದ್ದಳು.

"ಮನೆ ಮುಂದೆ ಕೋಲು ಸ್ವಲ್ಪ ಓರೆಯಾಗಿ ಹಿಡಿದ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದು ಬೇಸಿಗೆಯಲ್ಲಿ ಅಳತೆಯ ದಿನ ಬೆಳಿಗ್ಗೆಯೇ ಅವಳು ಕೇಳಿದ್ದಳು. ಅಳತೆಗೋಲು ವಾಲಿದರೆ ಆಳ ಹೆಚ್ಚಾಗಿ ಕಾಣುತ್ತದೆಂದು ಸರ್ವೇಯರನ ಹೆಂಡತಿಗೆ ಗೊತ್ತಿರದೆ ಇರುತ್ತದೆಯೇ?

ಆಚೆಯ ಸರ್ವೇಯರನಿಗೆ ಬೂಟು ಒದ್ದೆಯಾಗುವ ಚಿಂತೆ. ದೂರದ ದಡದಲ್ಲಿ ಕೂತು ಇವನು ಕೂಗಿದ ಅಂಕಿಯನ್ನೇ ಬರೆದುಕೊಳ್ಳುತ್ತಿದ್ದ. ಹಿತ್ತಲ ಕಡೆ ಅಳೆದು ಕೂಗಿಯಾಯಿತು. ಮನೆ ಮುಂದಿನ ಕವಲಿಗೆ ಇಳಿದರೆ ಒಂದು ಗೇಣು ಕಡಿಮೆ. ಜನ್ಮದಲ್ಲಿ ಸುಳ್ಳು ಅಂಕಿ ಕೂಗದವನು ಅವನು. ಆದರೂ ಹೆಂಡತಿಯ ಮುಖ ನೆನೆದು ಕೋಲನ್ನು ವಾಲಿಸಿದ.

ಅತ್ತೆ ಅಳತೆಪಟ್ಟಿ ಕೊರಳಲ್ಲಿದ್ದಂತೆಯೇ ದಡಕ್ಕೆ ಬಂದರು. ಕೋಲು ನೆಟ್ಟಗೆ ಹಿಡಿಯಿರಿ ಎಂದರು. ಪಾಪ, ಇವರಿಗೆ ಅರ್ಥವಾಗಿಲ್ಲ ಅಂದುಕೊಂಡು ಅವನು ಹತ್ತಿರ ಹೋದ. ಹಾಗೆ ಹಿಡಿದರೆ ಮನೆ ಆಚೆಗೆ ಹೋಗುತ್ತದೆ, ನಿಮ್ಮ ಚಿಕ್ಕ ಮಗಳು ಪರವಾನಗಿ ಇಲ್ಲದೆ ಇತ್ತ ತಲೆ ಹಾಕುವಂತಿಲ್ಲ ಎಂದು ಪಿಸುಗುಟ್ಟಿದ.

"ಗೊತ್ತು," ಎಂದರು ಅತ್ತೆ. "ಇಷ್ಟು ವರ್ಷ ಚಿಕ್ಕವಳು ದಿನಾ ಬಂದ್ಲು, ದೊಡ್ಡವಳು ಚೌಕಿಯವರಿಗೆ ಕೈ ಮುಗಿದ್ಲು. ಅವಳನ್ನೂ ನಾನೇ ಅಲ್ವಾ ಹೆತ್ತಿದ್ದು?"

ಅವನಿಗೆ ಹೆಂಡತಿಯ ಪರವಾಗಿ ಸಿಟ್ಟು ಬಂತು. ಆದರೂ ನೀರಿಗೆ ಮರಳಿದ. ಕೋಲನ್ನು ನೆಟ್ಟಗೆ ಹಿಡಿದು ಇದ್ದ ಅಂಕಿಯನ್ನೇ ಕೂಗಿದ. ಆಚೆಯವನು ಬರೆದುಕೊಂಡ.

ಮನೆಗೆ ಹೋಗಿ ಅವಳಿಗೆ ಏನು ಹೇಳಲಿ ಎಂದು ಕೇಳಿದ. ಅದುವರೆಗೂ ಗಟ್ಟಿಯಾಗಿ ಮಾತಾಡುತ್ತಿದ್ದ ಅತ್ತೆ ಆಗ ದನಿ ತಗ್ಗಿಸಿದರು.

"ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ. ನೀರು ಹಿತ್ತಲಲ್ಲೇ ಆಳ ಇತ್ತು ಅನ್ನಿ."