ಹಲವು ಮಕ್ಕಳ ತಾಯಿ ಬೇರು

ಮದರಾಸಿನ ರಾಯಪುರಂನ ಮಧ್ವರಾಜರ ಹೋಟೆಲಿಗೆ ಬಂದರಿನ ಗುಮಾಸ್ತರು ಬರುತ್ತಿದ್ದದ್ದೇ ಸಾಂಬಾರಿಗಾಗಿ. ಆ ರುಚಿ ಮಧ್ವರಾಜರ ಹೆಂಡತಿ ಗುಣವತಿಯ ಕೈಯದು. ಹೋಟೆಲಿನ ಹಿಂದಿನ ಮನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅವಳೇ ಕೊತ್ತಂಬರಿ, ಮೆಣಸು, ಮೆಂತೆ ಹುರಿದು ಪುಡಿ ಮಾಡಿಸುತ್ತಿದ್ದಳು.

೧೯೫೮ರ ಬೇಸಿಗೆಯಲ್ಲಿ ಅವಳಿಗೆ ನಲವತ್ತೊಂಬತ್ತು. ಮುಟ್ಟು ನಿಂತು ಎಂಟು ತಿಂಗಳಾಗಿತ್ತು. ಒಲೆಯ ಮುಂದೆ ಕುಳಿತರೆ ಎದೆಯೊಳಗಿಂದ ಬಿಸಿ ಎದ್ದು ಕತ್ತು, ಮುಖ, ಕಿವಿಯೆಲ್ಲ ಉರಿಯುತ್ತಿತ್ತು. ರವಿಕೆ ಬೆವರಿನಲ್ಲಿ ನೆನೆದು ಹೋಗುತ್ತಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬಚ್ಚಲಿಗೆ ಓಡಿ ತಣ್ಣೀರು ಸುರಿದುಕೊಂಡು ಬರುವಷ್ಟರಲ್ಲಿ ಬಾಣಲೆಯ ಕೊತ್ತಂಬರಿ ಕರಟಿರುತ್ತಿತ್ತು. ಮೂರನೆಯ ಸಲ ಹಾಗಾದಾಗ ಮಧ್ವರಾಜರು ಹೇಳಿಯೇಬಿಟ್ಟರು.

"ನೀನು ಊರಿಗೆ ಹೋಗಿ ಆರು ತಿಂಗಳು ಇದ್ದು ಬಾ. ಹುರಿಯುವ ಕೆಲಸಕ್ಕೆ ಊರಿಂದ ಅಡುಗೆಯ ಐತಪ್ಪನನ್ನು ಕರೆಸ್ತೇನೆ."

"ನಾನೆಲ್ಲಿಗೂ ಹೋಗುವುದಿಲ್ಲ. ಎರಡು ತಿಂಗಳು ಕೊಡಿ. ಆಮೇಲೂ ಹೀಗೇ ಆದ್ರೆ ಯಾರನ್ನು ಬೇಕಾದ್ರೂ ಕರೆಸಿ" ಎಂದಳು ಗುಣವತಿ.

ಮನೆಯಲ್ಲೇ ಇದ್ದ ಮಧ್ವರಾಜರ ವಿಧವೆ ಅಕ್ಕ, ಅಕ್ಕು, ಬಾಗಿಲ ಬಳಿಯಿಂದಲೇ ಗೊಣಗಿದಳು: "ಎಲ್ಲ ಹೆಂಗಸರಿಗೂ ಬರುವುದೇ. ನಾವೆಲ್ಲ ಹೀಗೆ ಕುಣಿದದ್ದು ಉಂಟಾ?"

ಆಸ್ಪತ್ರೆಯ ಲೇಡಿ ಡಾಕ್ಟರು ಚೆನ್ನಾಗಿಯೇ ಪರೀಕ್ಷೆ ಮಾಡಿ, ರೋಗ ಏನೂ ಇಲ್ಲ, ವಯಸ್ಸಿನ ಬದಲಾವಣೆ, ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ ಎಂದರು. ರೋಗವಲ್ಲ ಎಂದು ಗೊತ್ತಾದದ್ದು ಗುಣವತಿಗೆ ಸಮಾಧಾನವೇ. ಆದರೆ ಒಂದೆರಡು ವರ್ಷ ಕಾಯಲು ಅವಳು ತಯಾರಿರಲಿಲ್ಲ. ಇದೇ ವಯಸ್ಸಿನಲ್ಲಿ ಅಮ್ಮ ಹಾಲಿಗೆ ಹಾಕಿ ಕುದಿಸಿ ಕುಡಿಯುತ್ತಿದ್ದ ಒಂದು ಬೇರು ನೆನಪಾಯಿತು.

ಮರುದಿನ ತಿರುಮಲನ ನಾಟಿ ಮದ್ದಿನ ಅಂಗಡಿಗೆ ಹೋದಳು. ಊರಿನಲ್ಲಿ ಆ ಬೇರಿಗೆ 'ಹಲವು ಮಕ್ಕಳ ತಾಯಿ ಬೇರು' ಎನ್ನುತ್ತಿದ್ದರು. ಅದರ ತಮಿಳು ಹೆಸರು ತಿಳಿಯದೆ, ಊರಿನ ಹೆಸರನ್ನೇ ಪದಕ್ಕೆ ಪದ ತಮಿಳು ಮಾಡಿ ಕೇಳಿದಳು. ತಿರುಮಲ ಅವಳ ನರೆಗೂದಲು ನೋಡಿದ.

"ಇಂದ ವಯಸ್ಸುಲ ಕುಳಂದೆಯಾ, ಅಮ್ಮಾ?"

ಈ ವಯಸ್ಸಿನಲ್ಲಿ ಮಗುವೇ ಎಂಬ ಆ ಮಾತಿಗೆ ಹಿಂದೆ ನಿಂತಿದ್ದವರು ನಕ್ಕರು. ಮಕ್ಕಳಿಲ್ಲದ ಗುಣವತಿ ಸೆರಗು ಬಿಗಿದುಕೊಂಡು ಅಲ್ಲಿಂದ ಹೊರಟಳು. ಮನೆಗೆ ಬಂದು ದೇವರ ಕೋಣೆಯ ಕದ ಹಾಕಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಹಳೆಯ ಪೇಪರಿನ ಅಂಚಿನ ಮೇಲೆ ಪೆನ್ಸಿಲಿನಿಂದ ಬಳ್ಳಿಯ ಚಿತ್ರ ಬರೆದಳು. ಸೂಜಿಯಂಥ ಎಲೆ, ಕೊಕ್ಕೆಯಂಥ ಮುಳ್ಳು, ಬುಡದಲ್ಲಿ ಬೆರಳುಗಳಂತೆ ಗೊಂಚಲು ಗೊಂಚಲು ಬಿಳಿ ಗೆಡ್ಡೆ.

ಅದನ್ನು ಹಿಡಿದು ಮತ್ತೆ ಅದೇ ಅಂಗಡಿಗೆ ನಡೆದಳು. "ಮಕ್ಕಳಿಗಲ್ಲ. ಮೈಯ ಉರಿಗೆ ಬೇಕು" ಎಂದು ಎಲ್ಲರಿಗೂ ಕೇಳುವ ಹಾಗೆ ತಮಿಳಿನಲ್ಲೇ ಹೇಳಿದಳು.

ಚಿತ್ರ ನೋಡಿದ ತಿರುಮಲನ ಮುಖ ಸಪ್ಪಗಾಯಿತು. "ತಣ್ಣೀರ್‌ವಿಟ್ಟಾನ್ ಕಿಳಂಗು! ಮನ್ನಿಚ್ಚುಕೋಂಗೋ ಅಮ್ಮಾ" ಎಂದು ಬೇರಿನ ತಮಿಳು ಹೆಸರು ಹೇಳಿ ಕ್ಷಮೆ ಕೇಳಿದ. ತನ್ನಲ್ಲಿದ್ದದ್ದು ಹುಳ ಹಿಡಿದ ಒಣ ಸರಕು, ಹಸಿಯದು ಬೇಕಾದರೆ ಎಣ್ಣೂರಿನ ಮರಳು ಕುರುಚಲಿನಲ್ಲಿ ಅಗೆದು ತರುವ ಮುದುಕಿಯೊಬ್ಬಳಿದ್ದಾಳೆ ಎಂದು ಗುರುತು ಹೇಳಿಕೊಟ್ಟ.

ಇಷ್ಟು ವರ್ಷ ಮದರಾಸಿನಲ್ಲಿದ್ದರೂ ಗುಣವತಿ ಒಬ್ಬಳೇ ರೈಲು ಹತ್ತಿದ್ದಿಲ್ಲ. ಆ ಮಂಗಳವಾರ ಹತ್ತಿದಳು. ಎಣ್ಣೂರಿನಲ್ಲಿ ಎರಡು ಗಂಟೆ ಬಿಸಿಲಿನಲ್ಲಿ ಸುತ್ತಿದಳು. ನಡುವೆ ಎರಡು ಸಲ ಉರಿ ಎದ್ದಿತು. ತಾಳೆಮರದ ನೆರಳಿಗೆ ಕುಳಿತು, ಅದು ಇಳಿದ ಮೇಲೆ ಎದ್ದು ನಡೆದಳು. ಮುದುಕಿಯನ್ನು ಹುಡುಕಿ, ಅವಳು ಅಗೆಯುವಾಗ ಜೊತೆಗೇ ಕುಳಿತು ಬಳ್ಳಿಯ ಮುಳ್ಳು, ಎಲೆ ಎರಡನ್ನೂ ಮುಟ್ಟಿ ನೋಡಿ, ಅಮ್ಮ ತರುತ್ತಿದ್ದದ್ದು ಇದೇ ಎಂದು ಖಾತ್ರಿ ಮಾಡಿಕೊಂಡಳು.

ಸಂಜೆ ಗೆಡ್ಡೆಗಳ ಸಿಪ್ಪೆ ತೆಗೆದು ಒಳಗಿನ ನಾರು ಎಳೆಯುತ್ತಿದ್ದಾಗ ಅಕ್ಕು ಎದುರಿಗೆ ಬಂದು ಕುಳಿತಳು. ತಾನೂ ಒಂದು ಗೆಡ್ಡೆ ಕೈಗೆತ್ತಿಕೊಂಡಳು.

"ನನಗೂ ಆಗಿತ್ತು ಮಾರಾಯ್ತಿ. ಮೂರು ವರ್ಷ. ಒದ್ದೆ ಸೀರೆ ಮೈಗೆ ಸುತ್ತಿಕೊಂಡು ಅಡುಗೆ ಮಾಡ್ತಿದ್ದೆ. ಗಂಡ ಸತ್ತ ದುಃಖ ಅಂತ ಎಲ್ಲರೂ ತಿಳಿದ್ರು. ನಾನೂ ಹೌದು ಅಂದೆ."

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ ಅತ್ತಿಗೆ?"

"ಹೇಳ್ಲಿಕ್ಕೆ ನಾಚಿಕೆ" ಎಂದಳು ಅಕ್ಕು. ಅಂದಿನಿಂದ ಬೇರು ಜಜ್ಜಿ ಹಾಲಿಗೆ ಹಾಕುವ ಕೆಲಸ ಅವಳದೇ ಆಯಿತು.

ಗುಣವತಿ ನಲವತ್ತೆಂಟು ದಿನ ಒಂದು ಹೊತ್ತೂ ತಪ್ಪದೆ ಕುಡಿದಳು. ಕಾಫಿ ಬಿಟ್ಟು ಜೀರಿಗೆ ನೀರು ಹಿಡಿದಳು. ಹುರಿಯುವ ಒಲೆಯನ್ನು ಗಾಳಿ ಬರುವ ಹಿತ್ತಿಲ ಜಗಲಿಗೆ ಸಾಗಿಸಿದಳು. ಉರಿ ಪೂರ್ತಿ ಹೋಗಲಿಲ್ಲ. ದಿನಕ್ಕೆ ಹತ್ತು ಸಲ ಬರುತ್ತಿದ್ದದ್ದು ಎರಡಕ್ಕೆ ಇಳಿಯಿತು, ನಿದ್ದೆ ಬರತೊಡಗಿತು. ಬೇರಿನ ಗುಣವೋ ಗಾಳಿಯ ಗುಣವೋ ಎಂದು ಮಧ್ವರಾಜರು ಕೇಳಿದರೆ, "ಎರಡೂ ಇರ್ಲಿ, ನಾನು ಯಾವುದನ್ನೂ ಬಿಡುವುದಿಲ್ಲ" ಎನ್ನುತ್ತಿದ್ದಳು.

ಎರಡು ತಿಂಗಳಾದ ದಿನ ಅವರು ಹೊಸ ಪುಡಿಯನ್ನು ಅಂಗೈಗೆ ಹಾಕಿಕೊಂಡು ಮೂಸಿದರು. "ಐತಪ್ಪನಿಗೆ ಬೇಡ ಅಂತ ಬರೀತೇನೆ" ಎಂದರು.

"ಬರಲಿ. ಕುಟ್ಟಲಿಕ್ಕೆ ಜನ ಬೇಕು. ಆದ್ರೆ ಬಾಣಲೆ ನನ್ನದು" ಎಂದಳು ಗುಣವತಿ.