ಎರಡು ಬರ್ಗಂಡಿ, ಒಬ್ಬಳು ಮಗಳು

“ಯಾವುದೋ ಕಾಲದಲ್ಲಿ ಒಂದು ಹೊಳೆ ಇತ್ತಂತೆ. ಹೊಳೆಯ ಆ ದಡದಲ್ಲಿ ಒಂದು ಬರ್ಗಂಡಿ, ಈ ದಡದಲ್ಲಿ ಇನ್ನೊಂದು ಬರ್ಗಂಡಿ…”

“ಫಿರ್ ಸೇ ವಹೀ?” ಹಿತೇಶ್ ಪುಸ್ತಕದ ಮೇಲೆ ಹಣೆ ಇಟ್ಟ. “ದೋನೋಂ ಕಾ ನಾಮ್ ಏಕ್ ಕ್ಯೂಂ ರಖಾ, ಯಾರ್?”

“ನಾನಿಟ್ಟದ್ದಾ?” ಅಶ್ಮಿತಾ ರೇಗಿದಳು. ಅಜ್ಜಿ ಹೇಳುತ್ತಿದ್ದ ಧಾಟಿಯಲ್ಲಿ ಹೇಳಿದರೆ ಎಂಥವರ ತಲೆಗೂ ಹೋಗುತ್ತದೆ ಎಂದು ನಂಬಿ ಅವಳು ಬೆಳಗ್ಗೆಯೇ ಠಾಣೆಯ ಮನೆಯಿಂದ ಡೊಂಬಿವಲಿಯ ಸೋದರತ್ತೆಯ ಮನೆಗೆ ಬಂದಿದ್ದಳು. ಮಧ್ಯಾಹ್ನವಾದರೂ ಆ ಹೊಳೆ ದಾಟಲು ಆಗಿರಲಿಲ್ಲ. ಎಂಐಡಿಸಿ ಕಾರ್ಖಾನೆಗಳ ವಾಸನೆ ಬಾರದಂತೆ ಕಿಟಕಿ ಮುಚ್ಚಿದ್ದ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿತ್ತು.

ಅತ್ತೆಯ ಮಗ ಹಿತೇಶನ ಬಿಎಗೆ ಪಾಶ್ಚಾತ್ಯ ಇತಿಹಾಸದ ಒಂದು ಪೇಪರು ಬಾಕಿ. ನಾಳೆ ಕಲ್ಯಾಣದಲ್ಲಿ ಮರುಪರೀಕ್ಷೆ. ಪಾಸಾದರೆ ಘೋಡಬಂದರ್ ರಸ್ತೆಯ ತಮ್ಮ ‘ಅನ್ನಪ್ರಭಾ’ ಹೋಟೆಲಿನ ಗಲ್ಲಾದಲ್ಲಿ ಅವನನ್ನೇ ಕೂರಿಸುವುದೆಂದು ಅಶ್ಮಿತಾಳ ಅಪ್ಪ ಗುಣಪಾಲ ಮಾತು ಕೊಟ್ಟಾಗಿತ್ತು. ಡಿಗ್ರಿ ಇಲ್ಲದ ಯಜಮಾನನನ್ನು ಈಗ ಯಾರೂ ಕೇರು ಮಾಡುವುದಿಲ್ಲವಂತೆ. “ನಾನು ಕೂರ್ತೇನೆ ಪಪ್ಪಾ” ಎಂದು ಎಂಕಾಂ ಮುಗಿಸಿದ ಮಗಳು ಕೇಳಿದ್ದಕ್ಕೆ ಅವರು ನಕ್ಕಿದ್ದರು. “ನೀನು ಅವನಿಗೆ ಪಾಠ ಹೇಳಿಕೊಡು ಮಗಾ, ಸಾಕು.” ಹೂಂ ಎಂದದ್ದು ಅವಳೇ. ಆ ಹೋಟೆಲಿನ ಆನ್‌ಲೈನ್ ಆರ್ಡರುಗಳು ಈಗಲೂ ಬರುವುದು ಅವಳ ಫೋನಿಗೆ. ಅದು ಟಿಣ್ ಎಂದಾಗೆಲ್ಲ ಹೆಬ್ಬೆರಳು ತಾನೇ ಹೋಗಿ ‘ಅಕ್ಸೆಪ್ಟ್’ ಒತ್ತಿ ಬರುತ್ತಿತ್ತು.

“ಸರಿ. ಅಲ್ಲಿಯ ದೊರೆ ಚಾರ್ಲ್ಸ್ ಯುದ್ಧದಲ್ಲಿ ಸತ್ತ. ಈ ದಡದ್ದು ಡ್ಯೂಕನ ಬರ್ಗಂಡಿ, ಆ ದಡದ್ದು ಕೌಂಟನ ಬರ್ಗಂಡಿ, ಎರಡು ಸೀಮೆಯೂ ಅವನದ್ದೇ. ಗಂಡುಮಕ್ಕಳಿಲ್ಲ, ಮೇರಿ ಒಬ್ಬಳೇ ಮಗಳು. ಡ್ಯೂಕನ ಬರ್ಗಂಡಿ ಯಾರಿಗೆ ಹೋಯ್ತು?”

“ತಂಗಿ ಮಗನಿಗೆ.”

“ಯಾರ ತಂಗಿ ಮಗ?”

“ಚಾರ್ಲ್ಸ್‌ದು. ಮಾಮನದ್ದು ಅಳಿಯನಿಗೆ ತಾನೇ? ಲಾಸ್ಟ್ ಟೈಮ್ ಭೀ ಯಹೀ ಲಿಖಾ ಥಾ.”

“ದೇವರೇ! ಪರೀಕ್ಷೆಯಲ್ಲಿ ಬರೆದದ್ದಾ?”

“ಅದರಲ್ಲಿ ತಪ್ಪೆಂಥದು?” ಬಸಳೆ ಹೆಚ್ಚುತ್ತಿದ್ದ ಜಯಲತಾ ಅತ್ತೆ ಅಡುಗೆಮನೆಯಿಂದಲೇ ಕೇಳಿದರು. “ಹಿಂದಿನಿಂದ ಹಾಗೇ ಅಲ್ವಾ ಬಂದದ್ದು?”

“ಅತ್ತೆ, ಅವರು ಬಂಟರಲ್ಲ! ಅಳಿಯಕಟ್ಟು ಅಲ್ಲಿಲ್ಲ.”

ಅಶ್ಮಿತಾ ಪುಸ್ತಕವನ್ನು ಪಟ್ಟನೆ ಮುಚ್ಚಿದಳು. “ಹೊಳೆ ಬೇಡ. ನಮ್ಮ ಠಾಣೆಯ ಖಾಡಿ, ಆ ಕಡಲ ಹಿನ್ನೀರು ಅಂದ್ಕೋ. ಖಾಡಿಯ ಆಚೆ ರಬಾಳೆಯಲ್ಲೊಂದು ಅನ್ನಪ್ರಭಾ, ಈಚೆ ಘೋಡಬಂದರಲ್ಲೊಂದು ಅನ್ನಪ್ರಭಾ. ಬೋರ್ಡು ಒಂದೇ. ನಿಂಗೆ ಯಾವತ್ತಾದ್ರೂ ಅದಲುಬದಲು ಆಗಿದ್ಯಾ?”

“ಪಾಗಲ್ ಹೈ ಕ್ಯಾ? ರಬಾಳೆದು ಅಮ್ಮಂದು.”

“ಅಮ್ಮನಿಗೆ ಎಲ್ಲಿಂದ ಬಂತು?”

“ಅಜ್ಜಿಯಿಂದ. ಅಜ್ಜಿಯ ಬಂಗಾರ ಮಾರಿ ಶುರು ಮಾಡಿದ್ದಲ್ವಾ.”

“ಅದು ಕೌಂಟನ ಬರ್ಗಂಡಿ. ಮಗಳಿಗೆ ಹೋದ್ರೂ ನಡೀತದೆ. ಕೊನೆಗೆ ಮೇರಿಯ ಮಕ್ಕಳಿಗೇ ಉಳೀತು. ಈಗ ಘೋಡಬಂದರಿಂದು?”

“ಮಾಮನದ್ದು.”

“ಮಾಮನಿಗೆ?”

“ಮಾಮನಿಗೆ…” ಹಿತೇಶ್ ತಡೆದ. “ಮಗಳು ಒಬ್ಳೇ.”

“ಅದು ಡ್ಯೂಕನ ಬರ್ಗಂಡಿ. ಗಂಡುಮಗ ಇಲ್ಲ ಅಂತ ಫ್ರಾನ್ಸಿನ ರಾಜ ತಗೊಂಡ. ಬರಿ.”

ಅಡುಗೆಮನೆಯಲ್ಲಿ ಕತ್ತಿಯ ಸದ್ದು ನಿಂತಿತು. ಹಿತೇಶ್ ಪೆನ್ನು ಎತ್ತಿಕೊಂಡ, ಬರೆಯಲಿಲ್ಲ.

“ಮೇರಿ ಸುಮ್ನೆ ಇದ್ಲಾ?”

“ಇಲ್ಲ. ಗಂಡನ ಜೊತೆ ಸೇರಿ ರಾಜನ ಮೇಲೆ ಯುದ್ಧ ಮಾಡಿದ್ಲು. ಸಾಯುವವರೆಗೂ ಬರ್ಗಂಡಿಯ ಒಡತಿ, ಡಚೆಸ್ ಅಂತಲೇ ಬರೆಸಿಕೊಂಡ್ಲು. ಅದು ಸಿಲೆಬಸ್ಸಲ್ಲಿಲ್ಲ. ನೀನು ಬರಿ.”

ಅವನು ಹಾಳೆಯ ನಡುವೆ ಮೇಲಿಂದ ಕೆಳಗೆ ಒಂದು ಹೊಳೆ ಎಳೆದ. ಎಡಕ್ಕೆ ಡ್ಯೂಕನದು, ಬಲಕ್ಕೆ ಕೌಂಟನದು. ಎರಡರ ಕೆಳಗೂ ಯಾರ ಅಧೀನ, ಯಾರಿಂದ ಯಾರಿಗೆ ಎಂದು ತಲೆ ಎತ್ತದೆ ಬರೆದ. ಅಶ್ಮಿತಾ ಹಾಳೆ ತೆಗೆದುಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಎಲ್ಲಿಯೂ ತಪ್ಪಿರಲಿಲ್ಲ.

ಫೋನು ಟಿಣ್ ಎಂದಿತು. ಅವಳ ಬೆರಳು ಈ ಸಲ ಹೋಗಲಿಲ್ಲ. ಹಿತೇಶ್ ಅದನ್ನೆತ್ತಿ ನೋಡಿದ, ಒತ್ತದೆ ಅವಳ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟ. ಅವಳು ಮೊದಲು ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿದಳು.